ಅನುಕಂಪದ ನೌಕರಿಗೆ ಅಕ್ಕನ ಅಲೆದಾಟ

ಅಪ್ಪ ಹೋಗಿ ಏಳು ತಿಂಗಳಾಯಿತು. ಸರ್ಕಾರಿ ಕೆಲಸದಲ್ಲಿ ಇದ್ದಾಗಲೇ ತೀರಿಕೊಂಡರು. ಅಪ್ಪನ ಸಂಬಳದಲ್ಲೇ ಬದುಕುತ್ತಾ ಅದೇ ಮನೆಯಲ್ಲಿದ್ದ ಅಕ್ಕ ಅನುಕಂಪದ ನೌಕರಿಗೆ ಅರ್ಜಿ ಕೊಡಲು ಹೋದಳು. ಕೌಂಟರಿನಲ್ಲಿದ್ದವರು ಕಾಗದ ಮುಟ್ಟಲೂ ಇಲ್ಲ. ‘ಮದುವೆಯಾದ ಮಗಳಿಗೆ ಬರಲ್ಲಮ್ಮ, ತಮ್ಮನ್ನ ಕಳಿಸಿ’ ಅಂದರು. ಪಿಯುಸಿ ಓದುತ್ತಿರುವ ತಮ್ಮನ್ನಾ?

ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಡುವುದು ತಾರತಮ್ಯ ಅಂತ ಕರ್ನಾಟಕ ಹೈಕೋರ್ಟ್ 2020ರಲ್ಲೇ ಹೇಳಿದೆ. ಅನುಕಂಪದ ನೌಕರಿಯ 1996ರ ನಿಯಮಕ್ಕೆ 2021ರಲ್ಲಿ ತಿದ್ದುಪಡಿಯಾಗಿ ಮದುವೆಯಾದ ಮಗಳೂ ಸೇರಿದಳು. ಇಷ್ಟು ವರ್ಷವಾದರೂ ಆ ಟೇಬಲ್ಲಿಗೆ ಸುದ್ದಿ ಮುಟ್ಟಿಲ್ಲ ಅಂದರೆ ಸಿಟ್ಟು ಬರುತ್ತೆ, ಅಲ್ವಾ?

ಈ ನೌಕರಿ ಹಕ್ಕಲ್ಲ, ದುಡಿಯುವವರು ಹೋದಾಗ ಮನೆ ಬೀಳದಂತೆ ಕೊಡುವ ಆಸರೆ ಅಂತ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತ್ತು. ಒಪ್ಪುತ್ತೇನೆ. ಆದರೆ ಆಸರೆ ಬೇಕಿರೋದು ಈಗ. ಅರ್ಜಿಗೆ ಇರುವುದೇ ಒಂದು ವರ್ಷದ ಗಡುವು. ಮರಣ ಪತ್ರ, ವಂಶವೃಕ್ಷ, ಆದಾಯ ಪತ್ರ, ಅಮ್ಮನ ಒಪ್ಪಿಗೆ ಪತ್ರ ಅಂತ ಅಲೆದೇ ನಾಲ್ಕು ತಿಂಗಳು ಹೋಗಿದೆ. ಬಾಯಿಮಾತಲ್ಲಿ ವಾಪಸ್ ಕಳಿಸಿದರೆ ನಮ್ಮ ಕೈಯಲ್ಲಿ ಪುರಾವೆ ಏನಿರುತ್ತೆ?

ನಾಳೆ ಮತ್ತೆ ಹೋಗುತ್ತಿದ್ದೇವೆ. ಈ ಸಲ ತಿದ್ದುಪಡಿಯ ಪ್ರತಿ ಜೊತೆಗಿದೆ. ಸ್ವೀಕೃತಿ ಕೊಡೋವರೆಗೂ ಅಕ್ಕ ಅಲ್ಲಿಂದ ಏಳಲ್ಲ.