ಜೇನುತುಪ್ಪದ ಬಾಟಲಿಯೂ ಉಚ್ಚೆ ಜ್ಯೋತಿಷಿಗಳೂ

ನಾನು ಲ್ಯಾಬ್ ಕೆಲಸಕ್ಕೆ ಸೇರಿದ ಹೊಸದು. ಉಚ್ಚೆಯಲ್ಲಿ ಸಕ್ಕರೆ ಇದೆಯೇ ಅಂತ ನೋಡಲು, ಅದ್ದಿ ತೆಗೆದರೆ ಬಣ್ಣ ತೋರಿಸುವ ಪಟ್ಟಿಗಳಿನ್ನೂ ನಮ್ಮ ಊರಿಗೆ ಬಂದಿರಲಿಲ್ಲ. ಟ್ಯೂಬಿಗೆ 5 ಮಿ.ಲೀ. ಬೆನೆಡಿಕ್ಟ್ ದ್ರಾವಣ, ಅದಕ್ಕೆ 8 ಹನಿ ಉಚ್ಚೆ ಹಾಕಿ ಕುದಿಸಬೇಕು. ನೀಲಿ ನೀಲಿಯಾಗೇ ಉಳಿದರೆ ಶುಗರ್ ಇಲ್ಲ. ಹಸಿರು ಬಂದರೆ ಒಂದು ಪ್ಲಸ್, ಹಳದಿಗೆ ಎರಡು, ಕಿತ್ತಳೆಗೆ ಮೂರು, ಇಟ್ಟಿಗೆ ಕೆಂಪಾದರೆ ನಾಲ್ಕು.

ಒಂದು ದಿನ ಹುಡುಗನೊಬ್ಬ ಬಂದು ಅಪ್ಪನ ಬಾಟಲಿ ಕೊಟ್ಟು ಹೋದ. ಕುದಿಸಿದೆ. ಅಪ್ಪಟ ಇಟ್ಟಿಗೆ ಕೆಂಪು! ನಾಲ್ಕು ಪ್ಲಸ್ ಅಂತ ಬರೆದುಕೊಟ್ಟೆ. ಮನೆಯವರು ಆ ಯಜಮಾನರಿಗೆ ಬೆಲ್ಲ, ಬಾಳೆಹಣ್ಣು, ಅನ್ನ ಎಲ್ಲ ಬಂದ್ ಮಾಡಿದರು. ವಾರದ ಮೇಲೆ ಅವರೇ ಬಂದು ನಿಂತರು. "ಏನಪ್ಪಾ, ರಾತ್ರಿ ಒಂದು ಸಲಾನೂ ಏಳಲ್ಲ, ಬಾಯಾರಿಕೆ ಇಲ್ಲ, ತೂಕ ಇಳಿದಿಲ್ಲ. ನಂಗೆ ಹೇಗಯ್ಯಾ ಸಕ್ಕರೆ ಕಾಯಿಲೆ?" ಬೇರೆ ಬಾಟಲಿ ಕೊಟ್ಟು ಕಳಿಸಿದೆ. ಈ ಸಲ ದ್ರಾವಣ ನೀಲಿಯಾಗೇ ಉಳಿಯಿತು. ಕೆದಕಿ ಕೇಳಿದಾಗ ಗೊತ್ತಾಯಿತು, ಮೊದಲನೇದು ಸರಿಯಾಗಿ ತೊಳೆಯದ ಜೇನುತುಪ್ಪದ ಬಾಟಲಿ.

ಅವತ್ತಿನ ನಾಚಿಕೆ ಇನ್ನೂ ಹೋಗಿಲ್ಲ. ಆಮೇಲೆ ಯುರೋಪಿನ ಉಚ್ಚೆ ವೈದ್ಯರ ಬಗ್ಗೆ ಓದುವಾಗ ಇವರು ನಮ್ಮವರೇ ಅನ್ನಿಸಿತು.

ಮಧ್ಯಯುಗದ ಯುರೋಪಿನಲ್ಲಿ ವೈದ್ಯನ ಗುರುತು ಅಂದರೆ ಮಾಟುಲಾ ಅನ್ನುವ ತೆಳು ಗಾಜಿನ, ಮೂತ್ರಕೋಶದಂತೆ ದುಂಡು ತಳದ ಸೀಸೆ. ಈಗ ಸಿನಿಮಾದಲ್ಲಿ ಕೊರಳಿಗೆ ಸ್ಟೆತೊಸ್ಕೋಪ್ ಹಾಕಿದರೆ ಡಾಕ್ಟರ್ ಆಗುವ ಹಾಗೆ, ಆಗಿನ ಚಿತ್ರಗಳಲ್ಲಿ ಸೀಸೆಯನ್ನು ಬೆಳಕಿಗೆ ಎತ್ತಿ ಹಿಡಿದವನೇ ವೈದ್ಯ. ಎಷ್ಟೋ ಕಾಲದ ಮೇಲೆ, 1663ರಲ್ಲಿ, ಡಚ್ ಚಿತ್ರಕಾರ ಗೆರಾರ್ಡ್ ಡೌ ಬರೆದ ಇಂಥದ್ದೇ ಒಂದು ಚಿತ್ರ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಸೀಸೆಯೊಳಗೆ ಮೇಲಿನ ಅಂಚು ತಲೆಗೆ, ತಳ ಕೆಳಹೊಟ್ಟೆಗೆ ಅಂತ ಲೆಕ್ಕ. ಬಣ್ಣ ಹೋಲಿಸಲು 20 ಬಣ್ಣಗಳ ಚಕ್ರವೇ ಇತ್ತು. ಒಂದು ಒಂಟೆ ಕೂದಲಿನ ಬಣ್ಣವಂತೆ, ಇನ್ನೊಂದು ಅರೆಬೆಂದ ಮಾಂಸದ ರಸದ್ದಂತೆ. ನಮ್ಮ ನೀಲಿ-ಹಸಿರು-ಕೆಂಪಿನ ಚಾರ್ಟು ನೆನಪಾಗಿ ನಗು ಬಂತು.

10ನೇ ಶತಮಾನದ್ದೊಂದು ಕಥೆ ಇದೆ. ಬವೇರಿಯಾದ ದೊರೆ ಹೆನ್ರಿ, ಸೇಂಟ್ ಗಾಲ್ ಮಠದ ವೈದ್ಯ ನೋಟ್ಕರ್‌ನನ್ನು ಪರೀಕ್ಷಿಸಲು ತನ್ನದರ ಬದಲು ಬಸುರಿ ದಾಸಿಯ ಉಚ್ಚೆ ಕಳಿಸಿದ. ನೋಟ್ಕರ್ ಗಂಭೀರವಾಗಿ ನೋಡಿ ಹೇಳಿದನಂತೆ: ದೇವರು ಪವಾಡ ಮಾಡಲಿದ್ದಾನೆ, 30 ದಿನದೊಳಗೆ ದೊರೆಗೆ ಹೆರಿಗೆಯಾಗುತ್ತದೆ! ಕಥೆ ಸೊಗಸಾಗಿದೆ, ಆದರೆ ಬರೀ ಬಣ್ಣ ನೋಡಿ ಬಸಿರು ಹೇಳಲು ಸಾಧ್ಯವಿಲ್ಲ. ಉಚ್ಚೆಯಿಂದ ಬಸಿರು ಹೇಳುವುದು 20ನೇ ಶತಮಾನದ ಪರೀಕ್ಷೆಗಳು ಬಂದ ಮೇಲಿನ ಮಾತು.

ನಿಜದ ಕೈಚಳಕ ಬೇರೆಯೇ ಇತ್ತು. ಥಾಮಸ್ ಬ್ರಯಾನ್ ಎಂಬ ಇಂಗ್ಲಿಷ್ ವೈದ್ಯ 1637ರಲ್ಲಿ ಹೀಗೆ ಉಚ್ಚೆ ನೋಡಿ ರೋಗ ಹೇಳುವುದರ ವಿರುದ್ಧ ಪುಸ್ತಕವನ್ನೇ ಬರೆದ. ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಉಚ್ಚೆ ಜ್ಯೋತಿಷಿ'. ಸೀಸೆ ತಂದ ಆಳನ್ನೋ ನೆಂಟನನ್ನೋ ಮಾತಿಗೆಳೆದು, ಅವನ ಬಾಯಿಂದಲೇ ವಿಷಯ ಹೊರಡಿಸಿಕೊಂಡು, ಅದನ್ನೇ ಸೀಸೆಯಲ್ಲಿ ಕಂಡ ಹಾಗೆ ಹೇಳುವ ಉಪಾಯ ಅವನು ಬಯಲು ಮಾಡಿದ. ರೋಗಿಯನ್ನು ನೋಡದೆ ಬರೀ ಉಚ್ಚೆ ನೋಡಿ ಔಷಧ ಕೊಡಬೇಡಿ ಅಂತ ಲಂಡನ್ನಿನ ವೈದ್ಯರ ಕಾಲೇಜೂ ತನ್ನವರನ್ನು ತಡೆಯಬೇಕಾಯಿತು.

ಹಾಗಂತ ಉಚ್ಚೆ ಸುಳ್ಳು ಹೇಳಲಿಲ್ಲ. 1674ರಲ್ಲಿ ಇಂಗ್ಲಿಷ್ ವೈದ್ಯ ಥಾಮಸ್ ವಿಲ್ಲಿಸ್ ಸಕ್ಕರೆ ಕಾಯಿಲೆಯವರ ಉಚ್ಚೆಯ ಸಿಹಿಯನ್ನು ಬರೆದಿಟ್ಟ. ಹೌದು, ರುಚಿ ನೋಡಿಯೇ. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಇಂಗಿಸಿ ನೋಡಿ, ಅದು ಸಕ್ಕರೆಯೇ ಅಂದ. 1827ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ ಕೆಲವು ರೋಗಿಗಳ ಉಚ್ಚೆಯನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವುದನ್ನು ಕಂಡ. ಆ ಹೆಪ್ಪು ಪ್ರೋಟೀನ್, ಕಿಡ್ನಿ ಕಾಯಿಲೆಯ ಸುಳಿವು. ಬ್ರೈಟ್ ಅಷ್ಟಕ್ಕೇ ನಿಲ್ಲಲಿಲ್ಲ, ಊದಿದ ಕಾಲನ್ನೂ ನೋಡಿದ, ಸತ್ತವರ ಕಿಡ್ನಿಯನ್ನೂ ಕೊಯ್ದು ನೋಡಿದ.

"ಇದೆಲ್ಲ ನಮ್ಮಲ್ಲಿ ಆಗಲೇ ಇತ್ತು" ಅನ್ನುವವರು ಕಾಮೆಂಟಿಗೆ ಬರುವ ಮೊದಲೇ ಹೇಳಿಬಿಡುತ್ತೇನೆ. ಇತ್ತು. ಚರಕ 20 ಬಗೆಯ ಪ್ರಮೇಹ, ಅಂದರೆ ಮೂತ್ರದ ಕಾಯಿಲೆ, ಹೇಳಿದ್ದಾನೆ, ಮಧುಮೇಹ ಅದರಲ್ಲೊಂದು. ಓದುಬರಹ ಬಾರದ ನಮ್ಮಜ್ಜಿಯೂ ಬಚ್ಚಲ ಮೂಲೆಗೆ ಇರುವೆ ಮುತ್ತಿದ್ದು ನೋಡಿ "ನಿಮ್ಮ ತಾತನಿಗೆ ಸಕ್ಕರೆ ಕಾಯಿಲೆ ಕಣೋ" ಅಂದಿದ್ದಳು. ಸರಿಯಾಗಿಯೇ ಇತ್ತು. ಆದರೆ ಉಚ್ಚೆಗೆ ಎಳ್ಳೆಣ್ಣೆಯ ಹನಿ ಬಿಟ್ಟು, ಹಾವಿನಂತೆ ಹರಡಿದರೆ ವಾತ, ಕೊಡೆಯಂತಾದರೆ ಪಿತ್ತ, ಮುತ್ತಿನಂತೆ ನಿಂತರೆ ಕಫ ಅನ್ನುವ ತೈಲಬಿಂದು ಪರೀಕ್ಷೆಯನ್ನು ನಾನು ಮಾಟುಲಾದ ಪಕ್ಕದಲ್ಲೇ ಇಡುತ್ತೇನೆ. ಬೈಯುವವರು ಬೈಯಿರಿ. ನನಗೆ ಹಿಡಿಸುವುದು ಬೇರೆ ಸಂಗತಿ: ರೋಗಿಯನ್ನು ಎಂಟು ಬಗೆಯಲ್ಲಿ ನೋಡುವ ಆಯುರ್ವೇದದ ಅಷ್ಟಸ್ಥಾನ ಪರೀಕ್ಷೆಯಲ್ಲಿ ಮೂತ್ರ ಎಂಟರಲ್ಲಿ ಒಂದು ಮಾತ್ರ. ನಾಡಿ, ನಾಲಿಗೆ, ದನಿ, ಕಣ್ಣು ಎಲ್ಲ ನೋಡಬೇಕು. ಅಂದರೆ ರೋಗಿ ಎದುರಿಗೇ ಕೂತಿರಬೇಕು.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಅಕ್ಕನ ಮಗ ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿದ. "ಮಾಮ, ಪ್ರೋಟೀನ್ ಎದುರು ಒಂದು ಪ್ಲಸ್ ಅಂತಿದೆ. ಕಿಡ್ನಿ ಹೋಯ್ತಾ?" ಹಿಂದಿನ ದಿನ ಏನು ಮಾಡಿದ್ದೆ ಅಂತ ಕೇಳಿದೆ. 21 ಕಿ.ಮೀ. ಓಡಿ ಬಂದಿದ್ದನಂತೆ. ಮೈಮುರಿದು ಓಡಿದ ಮೇಲೆ ಒಂದೆರಡು ದಿನ ಹಾಗೆ ಪ್ರೋಟೀನ್ ಕಾಣಿಸಿಕೊಳ್ಳುವುದುಂಟು. ವಾರ ಬಿಟ್ಟು ಇನ್ನೊಂದು ಸಲ ಕೊಡು, ರಿಪೋರ್ಟ್ ಹಿಡಿದು ಡಾಕ್ಟರ ಮುಂದೆ ನೀನೇ ಹೋಗಿ ಕೂತ್ಕೋ ಅಂದೆ.

"ನಾನೇ ಹೋಗ್ಬೇಕಾ ಮಾಮ? ರಿಪೋರ್ಟ್ ಕಳಿಸಿದ್ರೆ ಸಾಲಲ್ವಾ?" ಅಂದ.