33 ಇಂಚಿನ ಮರ್ಯಾದೆ

ನಮ್ಮ ಬೀದಿಯ ಕೊಬ್ಬರಿ ಸಾಹುಕಾರರ ಮಗ ತನ್ನ ಪಿಕಪ್‌ಗೆ ಹೊಸ ಟೈರು ಹಾಕಿಸಿದ ದಿನ ಮನೆಮನೆಗೂ ಮೈಸೂರುಪಾಕು ಬಂತು. ಹೋದ ವರ್ಷ ಅವನಿಗೆ ಮಗಳು ಹುಟ್ಟಿದಾಗ ಬಂದದ್ದು ಬರೀ ಕಲ್ಲುಸಕ್ಕರೆ ಎಂದು ನನ್ನ ಹೆಂಡತಿ ಡಬ್ಬಿ ಮುಚ್ಚುತ್ತಾ ನೆನಪಿಸಿದಳು.

ಟೈರು ಎಂದರೆ ನಾವು ನೀವು ಪಂಚರ್ ಹಾಕಿಸುವಂಥದ್ದಲ್ಲ. 33 ಇಂಚು ಎತ್ತರ, ಹನ್ನೆರಡೂವರೆ ಇಂಚು ಅಗಲ, ಮೊಸಳೆಯ ಬೆನ್ನಿನಂಥ ಉಬ್ಬು. ಕೆಸರಿನಲ್ಲಿ, ಬಂಡೆಯ ಮೇಲೆ ಓಡಲೆಂದೇ ಮಾಡಿದ್ದಂತೆ. ತುಮಕೂರಿನಲ್ಲಿ ಕೆಸರಿಗೇನೂ ಬರವಿಲ್ಲ, ಅದು ಬೇರೆ ಮಾತು. ಆದರೆ ಈ ಗಾಡಿಯ ದಿನಚರಿ ನನಗೆ ಬಾಯಿಪಾಠ. ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ, ಮಧ್ಯಾಹ್ನ ಮಂಡಿಗೆ, ಸಂಜೆ ಬಿ.ಎಚ್. ರಸ್ತೆಯಲ್ಲಿ ಆ ಕಡೆಗೊಂದು ಸಲ, ಈ ಕಡೆಗೊಂದು ಸಲ. ಇಷ್ಟರಲ್ಲಿ ಅದಕ್ಕೆ ಎದುರಾಗುವ ಅತಿ ದುರ್ಗಮವಾದ ಅಡ್ಡಿ ಎಂದರೆ ಇಡ್ಲಿ ಹೋಟೆಲಿನ ಮುಂದೆ ಮಲಗಿರುವ ನಾಯಿ. ನಾಯಿ ಏಳುವುದಿಲ್ಲ. ಗಾಡಿಯೇ ಬಳಸಿಕೊಂಡು ಹೋಗುತ್ತದೆ.

ಕಂಪನಿಯಿಂದ ಬಂದಾಗ ಇದ್ದದ್ದು 235/75 ಆರ್ 15 ಟೈರು. ಕೂಡಿ ಗುಣಿಸಿ ನೋಡಿದರೆ ಸುಮಾರು 29 ಇಂಚು ಎತ್ತರ. ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ದಡ ಸೇರಿದ ಹುಡುಗ ಟೈರಿನಲ್ಲಿ 33ಕ್ಕೇ ನಿಂತನಲ್ಲ ಎಂದು ನಮಗೆಲ್ಲ ಕೊಂಚ ಬೇಸರವಾಯಿತು. "ಮುಂದಿನ ಸಲ 35 ಹಾಕಿಸ್ತೀನಿ ಅಂಕಲ್" ಎಂದು ಅವನೇ ಸಮಾಧಾನ ಹೇಳಿದ. ಹಿಂಬಾಗಿಲ ಮೇಲೆ 'ಫೋರ್ ಬೈ ಫೋರ್' ಎಂಬ ಕೆಂಪು ಸ್ಟಿಕರ್ ಬೇರೆ ಮಿಂಚುತ್ತಿತ್ತು. ನನಗೆ ತಿಳಿದ ಮಟ್ಟಿಗೆ ಅದು ಹಿಂದಿನ ಎರಡೇ ಚಕ್ರ ದುಡಿಯುವ ಗಾಡಿ.

"ಇದಕ್ಯಾವಾಗ ಬಂತಪ್ಪ ಫೋರ್ ವೀಲು?"

"ಟೈರ್ ಜೊತೆ ಫ್ರೀ ಕೊಟ್ರು ಅಂಕಲ್."

ವೀಲಲ್ಲ, ಸ್ಟಿಕರ್ರು.

ಟೈರು ಕೂರಿಸಿಕೊಟ್ಟ ಮೇಸ್ತ್ರಿಯೇ ನನ್ನ ಸ್ಕೂಟರಿನ ಕ್ಷೇಮವನ್ನೂ ನೋಡಿಕೊಳ್ಳುವವರು. ಆ ದಿನ ನಾನು ಗ್ಯಾರೇಜಿನಲ್ಲೇ ಇದ್ದೆ. ಅವರು ಕೈ ಒರೆಸಿಕೊಳ್ಳುತ್ತಾ ಹುಡುಗನಿಗೆ ಹೇಳಿದ್ದು ಇಷ್ಟು: "ನೋಡಪ್ಪ, ಹೇಳೋದು ನನ್ ಧರ್ಮ. ಟೈರು ದೊಡ್ಡದಾಯ್ತು. ಒಳಗಡೆ ಚಕ್ರ ತಿರುಗಿಸೋ ಎಕ್ಸೆಲ್ ಶಾಫ್ಟು ಅದೇ, ಅದಕ್ಕೆ ಇಂಜಿನ್ ಬಲ ದಾಟಿಸೋ ಹಲ್ಲಿನ ಚಕ್ರ, ಕ್ರೌನ್ ಪಿನಿಯನ್ನು, ಅದೇ, ಬೇರಿಂಗು ಅದೇ, ಬ್ರೇಕು ಅದೇ. ಬೋಲ್ಟ್ ಬಿಚ್ಚೋಕೆ ಆಗ್ದಿದ್ರೆ ಸ್ಪ್ಯಾನರ್‌ಗೆ ಪೈಪ್ ಹಾಕಿ ತಿರುಗಿಸ್ತೀವಲ್ಲ, ಪೈಪ್ ಉದ್ದ ಆದಷ್ಟೂ ಏನಾಗ್ತೈತೆ?"

"ಬಿಚ್ಕೊಳ್ತೈತೆ."

"ಇಲ್ಲಾ ಬೋಲ್ಟೇ ಮುರೀತೈತೆ. ಈಗ ನೀನು ಹಾಕಿರೋದು ಪೈಪು."

ಹುಡುಗನಿಗೆ ಇದು ಆಶೀರ್ವಾದದಂತೆ ಕೇಳಿಸಿರಬೇಕು. ನಕ್ಕ. ಮೇಸ್ತ್ರಿ ಬಿಡಲಿಲ್ಲ. ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆಂದು ಚಕ್ರ ಹೊರಗೆ ಬರುವಂತೆ ಸ್ಪೇಸರ್ ಹಾಕಿಸಿದ್ದೀಯಲ್ಲ, ನಿಮ್ಮಜ್ಜಿ ನೀರಿನ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ತರುತ್ತಿದ್ದರೋ, ಕೈ ಚಾಚಿ ಹಿಡಿದುಕೊಂಡು ತರುತ್ತಿದ್ದರೋ ಎಂದು ಕೇಳಿದರು. ಬಿಂದಿಗೆಯ ತೂಕ ಅಷ್ಟೇ ಇದ್ದರೂ ರಟ್ಟೆ ಬೀಳುತ್ತದೆ. ಇಲ್ಲಿ ಬಿಂದಿಗೆಯೂ ದೊಡ್ಡದಾಗಿದೆ, ಕೈಯನ್ನೂ ಚಾಚಿಯಾಗಿದೆ, ರಟ್ಟೆ ಮಾತ್ರ ಹಳೆಯದು. ಹಬ್ಬಿನೊಳಗಿನ ಬೇರಿಂಗು ಎಷ್ಟು ದಿನ ಬಂದೀತು?

ಬೇಕೇ ಬೇಕು ಎಂದಾದರೆ ಸರಿಯಾದ ದಾರಿಯೂ ಉಂಟು, ಅದನ್ನೂ ಅವರು ಹೇಳಿದರು. ಕ್ರೌನ್ ಪಿನಿಯನ್ನಿನ ಹಲ್ಲಿನ ಲೆಕ್ಕ ಬದಲಾಯಿಸಬೇಕು, ಗಟ್ಟಿ ಶಾಫ್ಟು ತರಿಸಬೇಕು, ಬ್ರೇಕು ದೊಡ್ಡದು ಮಾಡಬೇಕು. ಖರ್ಚು ಟೈರಿಗಿಂತ ಹೆಚ್ಚು. ಆಗ ಹುಡುಗ ಆಡಿದ ಮಾತು ಕೇಳಿ ನನ್ನ ಸ್ಕೂಟರ್ ರಿಪೇರಿಯಾದದ್ದೂ ಮರೆತುಹೋಯಿತು.

"ಅಷ್ಟು ದುಡ್ಡು ಗಾಡಿ ಕೆಳಗೆ ಹಾಕಿದ್ರೆ ಯಾರ್ ನೋಡ್ತಾರೆ ಮೇಸ್ತ್ರಿ?"

ಮೇಸ್ತ್ರಿಯ ಬಳಿ ಇದಕ್ಕೆ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಮನೆ ಕಟ್ಟುವಾಗ ಪಾಯಕ್ಕೆ ಕಲ್ಲು ಕಡಿಮೆ ಮಾಡಿ ಮುಂಬಾಗಿಲಿಗೆ ತೇಗ ಹಾಕಿಸಿದವನು ನಾನೇ.

ಟೈರು ಬಂದ ಮೇಲೆ ನಡೆದ ಪವಾಡಗಳು ಒಂದೆರಡಲ್ಲ. ಗಾಡಿ ನಾಲ್ಕು ಇಂಚು ಮೇಲೆದ್ದಿತು ಎಂದು ಬೀದಿಯಲ್ಲೆಲ್ಲ ಸುದ್ದಿಯಾಯಿತು. ಎಕ್ಸೆಲ್ ಕೂರುವುದು ಚಕ್ರದ ನಡುಮಧ್ಯ. ಟೈರು ನಾಲ್ಕು ಇಂಚು ಬೆಳೆದರೆ ಅದು ಏಳುವುದು ಎರಡೇ ಇಂಚು. ಇನ್ನೆರಡು ಇಂಚು ಮೇಲ್ಗಡೆ ಮಡ್‌ಗಾರ್ಡಿನೊಳಕ್ಕೆ ಹೋಗಿ ಕೂತಿತು. ಹಾಗಾಗಿ ಗ್ರೈಂಡರ್ ತಂದು ಮಡ್‌ಗಾರ್ಡನ್ನೇ ಕೊಯ್ದರು. ಕೊಯ್ದರೂ ಸ್ಟೇರಿಂಗ್ ಪೂರ್ತಿ ತಿರುಗದು. ಹಿಂದೆ ಒಂದೇ ಏಟಿಗೆ ಯೂ ಟರ್ನ್ ಹೊಡೆಯುತ್ತಿದ್ದ ಕಡೆ ಈಗ ಮೂರು ಸಲ ಹಿಂದೆ ಮುಂದೆ ಮಾಡಬೇಕು. ಎರಡೂ ಕಡೆ ನಿಂತ ಬಸ್ಸಿನವರು ಹಾರನ್ ಹೊಡೆಯುತ್ತಾರೆ. ಅವನು ಅದನ್ನು ಜೈಕಾರ ಎಂದುಕೊಂಡು ಕೈ ಬೀಸುತ್ತಾನೆ.

ಐದನೇ ಗೇರು ಅಲಂಕಾರಕ್ಕೆ ಉಳಿಯಿತು. ನಾಲ್ಕನೆಯದರಲ್ಲಿ ಸರಾಗವಾಗಿ ಹತ್ತುತ್ತಿದ್ದ ಏರಿಗೆ ಈಗ ಮೂರನೆಯದು ಬೇಕು. ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತದೆ, ಆದರೆ ತನಗೆ ಬೇಕೆನಿಸಿದ ಕಡೆ. ಸ್ಟೆಪ್ನಿಯದೇ ಒಂದು ಕಥೆ. ದೊಡ್ಡ ಟೈರು ಗಾಡಿಯಡಿಯ ಜಾಗದಲ್ಲಿ ಹಿಡಿಸುವುದಿಲ್ಲ. ಹಿಂದೆ ಹಾಕೋಣವೆಂದರೆ ಕೊಬ್ಬರಿ ಚೀಲಕ್ಕೆ ಜಾಗವಿಲ್ಲ. ಕೊನೆಗೆ ಹಳೆಯ 29 ಇಂಚಿನದ್ದನ್ನೇ ಸ್ಟೆಪ್ನಿ ಎಂದು ಉಳಿಸಿಕೊಂಡ. ಪಂಚರಾದ ದಿನ ಮೂರು ಆನೆಕಾಲು, ಒಂದು ಆಡಿನ ಕಾಲು ಹಾಕಿಕೊಂಡು ಗಾಡಿ ಕುಂಟುತ್ತಾ ಮಂಡಿಗೆ ಬಂದುದನ್ನು ನಾನೇ ಕಂಡೆ. ಒಂದೇ ಎಕ್ಸೆಲ್ಲಿನ ಎರಡು ತುದಿಗೆ ಎರಡು ಅಳತೆಯ ಚಕ್ರ. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ಲಿಗೆ ಈಗ ನೆಟ್ಟಗಿನ ರಸ್ತೆಯಲ್ಲೂ ಪುರುಸೊತ್ತಿಲ್ಲ.

ಎಲ್ಲಕ್ಕಿಂತ ದೊಡ್ಡ ಪವಾಡ ಮೀಟರಿನದು. ಚಕ್ರ ಎಷ್ಟು ಸುತ್ತು ಸುತ್ತಿತು ಎಂಬುದಷ್ಟೇ ಅದಕ್ಕೆ ಗೊತ್ತು, ಚಕ್ರ ದಪ್ಪಗಾದದ್ದು ಗೊತ್ತಿಲ್ಲ. ಅದು 70 ಎನ್ನುವಾಗ ಗಾಡಿ ಹೆಚ್ಚುಕಡಿಮೆ 80ರಲ್ಲಿರುತ್ತದೆ. ಪೊಲೀಸರ ಸ್ಪೀಡ್ ಗನ್ನಿಗೆ ಮೀಟರಿನ ಸಬೂಬು ಕೇಳಿಸುವುದಿಲ್ಲ. ಇನ್ನು ದೂರ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್ ಎಂದು ಹಿಡಿದರೆ ಇವನ ಮೀಟರಿನಲ್ಲಿ 61 ಚಿಲ್ಲರೆ. ಮೆಟ್ರೋ ನಮ್ಮೂರಿಗೆ ಬರುತ್ತದೆ, ಬೆಂಗಳೂರು ಹತ್ತಿರವಾಗುತ್ತದೆ ಎಂಬ ಮಾತು ಕೇಳಿ ಕೇಳಿ ಕಿವಿ ತೂತಾಗಿತ್ತು. ಸರ್ಕಾರದ ಕೈಲಾಗದ್ದನ್ನು ನಾಲ್ಕು ಟೈರು ಮಾಡಿ ತೋರಿಸಿದವು. ಎಂಟೂವರೆ ಕಿಲೋಮೀಟರ್ ಒಂದೇ ದಿನಕ್ಕೆ ಕರಗಿಹೋಯಿತು. ಡೀಸೆಲ್ ಮಾತ್ರ ಹಳೆಯ ದೂರಕ್ಕೂ ಒಂದು ಹಿಡಿ ಹೆಚ್ಚೇ ಸುಟ್ಟಿತು.

ಒಂದು ಭಾನುವಾರ ದೇವರಾಯನದುರ್ಗಕ್ಕೆ ದಂಡಯಾತ್ರೆ ಹೊರಟಿತು. ಇಂಥವೇ ಐದು ಗಾಡಿ. ನನ್ನನ್ನೂ ಹತ್ತಿಸಿಕೊಂಡರು. ಏಣಿಯಿಲ್ಲದೆ ಹತ್ತಿದೆ ಎಂಬುದೇ ನನ್ನ ಆ ದಿನದ ಸಾಹಸ. ದುರ್ಗದ ಬೆಟ್ಟಕ್ಕೆ ಒಳ್ಳೆಯ ಟಾರು ರಸ್ತೆಯಿದೆ. ಭೋಗನರಸಿಂಹನನ್ನು ನೋಡಿ ಯೋಗನರಸಿಂಹನ ಕಡೆ ಹೋಗುವ ಮುದುಕಿಯರು ಹವಾಯಿ ಚಪ್ಪಲಿಯಲ್ಲೇ ಹೋಗಿಬರುತ್ತಾರೆ. ರಸ್ತೆಯ ಎರಡೂ ಬದಿ ಕಾಯ್ದಿಟ್ಟ ಅರಣ್ಯ. ಟಾರು ಬಿಟ್ಟು ಚಕ್ರ ಇಳಿಸಿದರೆ ಅರಣ್ಯ ಇಲಾಖೆಯವರು ಕೇಸು ಹಾಕುತ್ತಾರೆ. ಎಂದರೆ ರಸ್ತೆಯಿಲ್ಲದ ಕಡೆ ಓಡಲು ಹುಟ್ಟಿದ ಇಪ್ಪತ್ತು ಟೈರುಗಳು ರಸ್ತೆ ಬಿಟ್ಟು ಇಳಿಯುವ ಹಾಗಿಲ್ಲ. ಊಂ ಎಂದು ಗುನುಗುತ್ತಾ ಟಾರಿನ ಮೇಲೆ ಸಾಲಾಗಿ ಹತ್ತಿದವು.

ಎರಡನೇ ತಿರುವಿನಲ್ಲಿ ಹಿಂದಿನಿಂದ ಹಾರನ್. ನೋಡಿದರೆ ಒಬ್ಬ ಯಜಮಾನರು, ಟಿವಿಎಸ್ ಎಕ್ಸೆಲ್ ಮೇಲೆ. ಮುಂದೆ ಕಾಲಿಡುವ ಜಾಗದಲ್ಲಿ ಸೌತೆಕಾಯಿ ಮೂಟೆ, ಹಿಂದೆ ಎರಡೂ ಕಡೆ ಎಳನೀರಿನ ಗೊಂಚಲು, ಹ್ಯಾಂಡಲ್ಲಿಗೆ ಉಪ್ಪು ಖಾರದ ಡಬ್ಬಿ. ನೂರು ಸಿಸಿಯೂ ತುಂಬದ ಇಂಜಿನ್, 16 ಇಂಚಿನ ಬಡಕಲು ಚಕ್ರ. ನಮ್ಮ ಐದೂ ಗಾಡಿಗಳನ್ನು ದಾಟಿಕೊಂಡು ಹೋದರು. ನಾವು ಮೇಲೆ ಮುಟ್ಟುವ ಹೊತ್ತಿಗೆ ಅವರು ಅರ್ಧ ಮೂಟೆ ಸೌತೆಕಾಯಿ ಮಾರಿದ್ದರು. ಉಳಿದರ್ಧವನ್ನು ಆಫ್ ರೋಡ್ ವೀರರು ತಿಂದರು. ಮಂಗಗಳು ಹೊಸ ಟೈರಿನ ಮೇಲೆ ಕೂತು ಸಿಪ್ಪೆ ತಿಂದವು. ಕೂರಲು ಒಳ್ಳೆಯ ಎತ್ತರ, ಅದನ್ನು ಒಪ್ಪಬೇಕು.

ಬರುವಾಗ ಬೆಟ್ಟದ ಬುಡದಲ್ಲಿ ಯಾರದೋ ತೋಟದ ಪೈಪು ಒಡೆದು ರಸ್ತೆಯಂಚು ಮೂರು ಮಾರು ಒದ್ದೆಯಾಗಿತ್ತು. ಐದೂ ಗಾಡಿಗಳು ಒಂದರ ಹಿಂದೊಂದು ಅಲ್ಲಿಗೆ ಹೋಗಿ, ಹಿಂದೆ ಮುಂದೆ ಆಡಿ, ಅರಿಸಿನ ಶಾಸ್ತ್ರ ಮಾಡಿಸಿಕೊಂಡ ಹಾಗೆ ಮೈಗೆಲ್ಲ ಮಣ್ಣು ಹಚ್ಚಿಕೊಂಡವು. ಮುಂದೆ ಎಂಟು ದಿನ ಆ ಮಣ್ಣನ್ನು ತೊಳೆಯಲಿಲ್ಲ. ಮಳೆ ಬರುವ ಸೂಚನೆ ಕಂಡರೆ ನಮ್ಮ ಹುಡುಗ ತಾಡಪಾಲು ಹೊದಿಸುತ್ತಿದ್ದ.

ಕಾನೂನಿನ ಮಾತು ತೆಗೆಯಬಾರದು, ಆದರೂ ತೆಗೆದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬೇಡಿ ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದು ಬರೆದರು. ಹುಡುಗ ಗಂಭೀರವಾಗಿ ಕೇಳಿಸಿಕೊಂಡು, "ನಾಲ್ಕು ಟೈರಿಗೆ ಇಪ್ಪತ್ತು ಸಾವ್ರನಾ, ಸೆಟ್ಟಿಗೆ ಐದ್ ಸಾವ್ರನಾ?" ಎಂದು ಕೇಳಿದ. ಒಮ್ಮೆ ಒಬ್ಬ ಪೇದೆ ಕೈ ಅಡ್ಡ ಹಿಡಿದು ನಿಲ್ಲಿಸಿದ್ದರಂತೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಷ್ಟಕ್ಕೆ ಬಿತ್ತು ಎಂದು ವಿಚಾರಿಸಿ, ತಮ್ಮ ಬಾಮೈದನ ಗಾಡಿಗೂ ಆಗುತ್ತದೆಯೇ ಎಂದು ಕೇಳಿ ಕಳಿಸಿದರಂತೆ.

ಕೊನೆಗೆ ಆ ಶಾಫ್ಟು ಮುರಿದದ್ದು ಬಂಡೆಯ ಮೇಲಲ್ಲ, ಕೆರೆಯಂಗಳದಲ್ಲಲ್ಲ, ನಮ್ಮ ಬೀದಿಯ ತುದಿಯ ಟೀ ಅಂಗಡಿಯ ಮುಂದೆ. ಗೆಳೆಯ ಮೊಬೈಲ್ ಹಿಡಿದು ಬಗ್ಗಿ ಕೂತಿದ್ದ. ಗಾಡಿ ಫುಟ್‌ಪಾತ್ ಹತ್ತುವುದನ್ನು ರೀಲ್ಸ್ ಮಾಡಬೇಕಿತ್ತು. ಮುಂದಿನ ಚಕ್ರಗಳು ಹತ್ತಿದವು. ಹಿಂದಿನದೊಂದು ಅಂಚಿನ ಕಲ್ಲಿಗೆ ಒತ್ತಿ ನಿಂತಿತು. ಟೈರಿನ ಹಿಡಿತ ಒಳ್ಳೆಯದು, ಜಾರಲಿಲ್ಲ. ಜಾರಿದ್ದರೆ ಶಾಫ್ಟು ಉಳಿಯುತ್ತಿತ್ತು. ಹುಡುಗ ಆಕ್ಸಿಲೇಟರ್ ತುಳಿದ. ಒಣ ಕಬ್ಬು ಮುರಿದಂತೆ 'ಟಕ್' ಎಂಬ ಸದ್ದು. ಅಷ್ಟೇ. ಆಮೇಲೆ ಗೇರು ಬೀಳುತ್ತದೆ, ಇಂಜಿನ್ ಕೂಗುತ್ತದೆ, ಗಾಡಿ ಅಲ್ಲಾಡುವುದಿಲ್ಲ. ಇದ್ದ ಬಲವೆಲ್ಲ ಮುರಿದ ತುಂಡನ್ನು ತಿರುಗಿಸುವುದರಲ್ಲೇ ಮುಗಿಯುತ್ತಿತ್ತು. ಫುಟ್‌ಪಾತಿನ ಕಲ್ಲೂ ಕಿತ್ತು ಬಂತು, ಸುಳ್ಳೇಕೆ ಹೇಳಲಿ. ಅದರಡಿ ಬಗ್ಗಿ ನೋಡಿದ ಮೇಸ್ತ್ರಿ, "ಇದಕ್ಕೂ ಮೇಲ್ಗಡೆ ಮಾತ್ರ ಖರ್ಚು ಮಾಡವ್ರೆ" ಎಂದರು. ಕಲ್ಲಿನ ಕೆಳಗೆ ಕಾಂಕ್ರೀಟು ಇರಬೇಕಾದಲ್ಲಿ ಸಡಿಲ ಮಣ್ಣಿತ್ತು.

ಶಾಫ್ಟು ತರಬೇಕು. ಬಿಡಿಭಾಗದ ಅಂಗಡಿ ಊರಿನ ಆ ತುದಿಯಲ್ಲಿ. ಸಾಹುಕಾರರು ಅಂಗಿಯ ತೋಳು ಮಡಿಸಿಕೊಂಡು ರಸ್ತೆಯಲ್ಲಿ ನಿಂತಿದ್ದರು. ಮಗನ ಕಡೆ ನೋಡುತ್ತಿರಲಿಲ್ಲ, ಟೈರಿನ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ಟೀ ಅಂಗಡಿಗೆ ಎಳನೀರು ಇಳಿಸಲು ಬಂದವರು ಅದೇ ಎಕ್ಸೆಲ್ ಯಜಮಾನರು. ವಿಷಯ ಕೇಳಿದರು, ಅಂಗಡಿಯ ಗುರುತು ಕೇಳಿದರು, ಎಳನೀರು ಇಳಿಸಿ ಹೊರಟರು. ಮುಕ್ಕಾಲು ಗಂಟೆಯಲ್ಲಿ ವಾಪಸ್. ಕಾಲಿಡುವ ಜಾಗದಲ್ಲಿ ಅಡ್ಡಡ್ಡ, ಗೋಣಿಚೀಲ ಸುತ್ತಿ ಹಗ್ಗ ಬಿಗಿದ ಹೊಸ ಶಾಫ್ಟು.

"ಎಕ್ಸೆಲ್ ತಂದಿವ್ನಿ ಸಾವ್ಕಾರ್ರೇ, ಎಲ್ಲಿಳಿಸ್ಲಿ?"

ಹುಡುಗ ಓಡಿಬಂದು ಹಗ್ಗ ಬಿಚ್ಚುತ್ತಾ, ಸ್ಟ್ಯಾಂಡ್ ಹಾಕುತ್ತಿದ್ದ ಯಜಮಾನರ ಗಾಡಿಯ ಹಿಂದಿನ ಚಕ್ರವನ್ನೇ ಸ್ವಲ್ಪ ಹೊತ್ತು ನೋಡಿದ.

"ಅಣ್ಣ, ಇದಕ್ಕೆ ಇನ್ನೂ ದಪ್ಪ ಟೈರು ಹಿಡಿಸ್ತೈತಾ?"