ಜಿಂಕಿ ಕೊಂಬಿಗೆ ಮೆಂತೆ ಪಲ್ಲೆ

ನಿನ್ನೆ ರಾತ್ರಿ ನಮ್ಮ ಮನೆಯವರೆಲ್ಲರ ನಿದ್ದೆ ಕೆಡಿಸಿದ್ದು ಒಂದು ಜಿಂಕೆ.

ಹಿತ್ತಾಳೆ ಬಣ್ಣದ, ಕವಲು ಕವಲು ಕೊಂಬಿನ ಡಿಸೈನರ್ ಹುಕ್ಕು ಅದು. ಪುಣೆಯಲ್ಲಿರುವ ಮಗ ಆನ್‌ಲೈನಿನಲ್ಲಿ ತರಿಸಿ, ಯುಗಾದಿಗೆ ಬಂದಾಗ ತಲಬಾಗಿಲ ಪಕ್ಕ ತಾನೇ ಅಂಟಿಸಿ ಹೋಗಿದ್ದ. ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಅಲ್ಲಿತನಕ ಇದ್ದದ್ದು ಒಂದು ಉದ್ದನೆಯ ಮೊಳೆ. ಅಂಗಿ ಹರಿಯುತ್ತಿತ್ತು ನಿಜ, ಆದರೆ ಹಾಕಿದ್ದನ್ನು ಬಿಟ್ಟುಕೊಡುತ್ತಿರಲಿಲ್ಲ.

"ಅವ್ವಾ, ಇದಕ್ಕ ಏನೂ ಜೋತು ಹಾಕಬ್ಯಾಡ್ರಿ, ಲುಕ್ ಹೋಗ್ತೈತಿ" ಅಂದ ಮಗ. ಊಟಕ್ಕೆ ಬಡಿಸಬಾರದ ತಾಟಿನಂತೆ, ಏನೂ ಹಾಕಬಾರದ ಹುಕ್ಕು! ದುಡ್ಡು ಕೊಟ್ಟು ಬೇರೆ ತರಿಸಿದ್ದು.

ಇದನ್ನು ನಮ್ಮ ಮಾವನವರಿಗೆ ಹೇಳುವವರು ಯಾರು? ಅವರ ಲೆಕ್ಕದಲ್ಲಿ ನೆಲ ಇರುವುದು ನಡೆಯಲಿಕ್ಕೆ, ಟೀಪಾಯಿ ಇರುವುದು ಬಂದವರು ಚಹಾ ಇಡಲಿಕ್ಕೆ, ಉಳಿದದ್ದೆಲ್ಲ ಜೋತಾಡಬೇಕು. ಮೊದಲು ಟೊಪ್ಪಿಗೆ ಬಂತು. ಆಮೇಲೆ ಛತ್ರಿ. ನಲವತ್ತು ಡಿಗ್ರಿ ಬಿಸಿಲಿನ ಊರಿನಲ್ಲಿ ಛತ್ರಿಗೆ ಮಳೆಗಾಲ ಬೇಕಿಲ್ಲ. ಗುಳಿಗೆಯ ಕ್ಯಾರಿಬ್ಯಾಗು, ಲೈಟ್ ಬಿಲ್ಲು, ಕೀಲಿಗೊಂಚಲು, ಬ್ಯಾಟರಿ ಒಂದೊಂದಾಗಿ ಏರಿದವು. ಏನಾದರೂ ಹಾಕಿದಾಗಲೆಲ್ಲ ಕೊಂಬು ಹಿಡಿದು ಕೆಳಗೆ ಜಗ್ಗಿ ನೋಡುವುದು, "ಗಟ್ಟಿ ಐತಿ" ಅನ್ನುವುದು. ನಾನು ಕಣ್ಣು ಮುಚ್ಚಿಕೊಳ್ಳುವುದು.

ಮೊನ್ನೆ ಸಂತೆಯಿಂದ ಬಂದವರು ಪಲ್ಲೆಯ ಚೀಲವನ್ನೂ ಅಲ್ಲೇ ಸಿಕ್ಕಿಸಿದರು. ಮೆಂತೆ ಸಿವುಡು ಹೊರಗೆ ಇಣುಕಿ ಸರಿಯಾಗಿ ಜಿಂಕೆಯ ಮೂತಿಗೆ ಬಂದಿತ್ತು. ಪಕ್ಕದ ಮನೆಯ ಹುಡುಗ ನಿಂತು ನೋಡಿ, "ಮುತ್ಯಾ, ಅದು ತಿಂತೈತೇನು?" ಅಂದ.

"ತಿನ್ನೂದಿಲ್ಲಪಾ, ಕಾಯ್ತೈತಿ."

ಕಾಯ್ದ ಚಂದ ನಿನ್ನೆ ರಾತ್ರಿ ಗೊತ್ತಾಯಿತು. ಎಲ್ಲರೂ ಮಲಗಿದ ಹೊತ್ತಿನಲ್ಲಿ 'ಧಡಲ್' ಅಂತ ಸಪ್ಪಳ. ಕರೆಂಟು ಬೇರೆ ಇಲ್ಲ.

"ಯಾರಂವಾ?" ಮಾವನವರ ಗುಡುಗು. "ಯವ್ವಾ, ಬ್ಯಾಟರಿ ತಾ!"

"ಎಲ್ಲೈತ್ರಿ ಮಾವಾರ?"

"ಜಿಂಕಿ ಕೊಂಬಿಗೈತಿ!"

ನಾನು ಗೋಡೆ ತಡವಿದೆ. ಗೋಡೆ ಇತ್ತು, ಜಿಂಕೆ ಇರಲಿಲ್ಲ. "ಮಾವಾರ, ಜಿಂಕಿನ ಇಲ್ರಿ!"

"ಕಳ್ಳ ಜಿಂಕಿ ಹೊತ್ತ!" ಎಂದು ಅವರು ಬಾಗಿಲ ಕಡೆ ನುಗ್ಗಿದವರು ಕಾಲಡಿ ಛತ್ರಿ ಸಿಕ್ಕಿ, ಅದು ಪಟ್ಟನೆ ಬಿಚ್ಚಿಕೊಂಡು, ಇಬ್ಬರೂ ಒಟ್ಟಿಗೆ ಚೀರಿದೆವು. ನಮ್ಮ ಮನೆಯವರು ಒಳಗಿನಿಂದ "ಬೆಕ್ಕು ಇರಬೇಕು, ಮಲಗ್ರಿ" ಅಂದು ಮಗ್ಗುಲು ಬದಲಿಸಿದರು. ಆ ಮಾತಿಗೆ ನನಗಿನ್ನೂ ಸಿಟ್ಟು ಇಳಿದಿಲ್ಲ.

ಬೆಳಗ್ಗೆ ನೋಡಿದರೆ ಜಿಂಕೆಯ ಬೆನ್ನಿಗೆ ಅಂಗೈಯಗಲ ಬಣ್ಣ, ಪುಟ್ಟಿ ಸಮೇತ ಎದ್ದು ಬಂದಿದೆ. ಅಂಟು ಬಣ್ಣವನ್ನು ಬಿಟ್ಟಿಲ್ಲ, ಬಣ್ಣ ಗೋಡೆಯನ್ನು ಬಿಟ್ಟಿದೆ. ಟೈಲ್ಸು, ಗಾಜಿನಂಥ ನುಣುಪಾದ ಜಾಗಕ್ಕಷ್ಟೇ ಅಂಟಿಸಿ ಎಂದು ಡಬ್ಬಿಯ ತಳದಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆದಿದ್ದಾರೆ. ತಲಬಾಗಿಲಿಗೆ ಟೈಲ್ಸ್ ಹಾಕಿಸಿದವರು ಯಾರಿದ್ದಾರೆ?

ಮಾವನವರು ಗೋಡೆಯ ಗಾಯಕ್ಕೆ ಬೆರಳಾಡಿಸುತ್ತ ಕೂತರು. ಹಳೇ ಬಾಗಲಕೋಟೆಯ ಮನೆಯಲ್ಲಿ ಗೋಡೆ ಕಟ್ಟುವಾಗಲೇ ಕಟ್ಟಿಗೆಯ ಗೂಟ ಕೂರಿಸಿದ್ದರಂತೆ. ಆಲಮಟ್ಟಿಯಲ್ಲಿ ನೀರು 519.60 ಮೀಟರಿಗೆ ನಿಲ್ಲುತ್ತದೆ, ಮನೆ ಮುಳುಗಡೆಗೆ ಹೋಗುತ್ತದೆ ಅಂದಾಗ ಬಾಗಿಲು, ತೊಲೆ, ಜಂತಿ ಎಲ್ಲ ಬಿಚ್ಚಿ ಇಲ್ಲಿಗೆ ತಂದರು. "ಗೂಟ ಅಷ್ಟ ಬರಲಿಲ್ಲವಾ. ಜಗ್ಗಿದ್ವಿ, ಜಗ್ಗಿದ್ವಿ. ನಿಮ್ಮತ್ತಿ ಸಾಕ್ ಬಿಡ್ರಿ ಅಂದ್ಲು." ಆಮೇಲೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ನಾನೂ ಚಹಾಕ್ಕಿಟ್ಟೆ.

ಅಷ್ಟರಲ್ಲಿ ಮಗನ ಫೋನು. ಜಿಂಕೆ ಬಿದ್ದ ಸುದ್ದಿ ಕೇಳಿ ನಮ್ಮ ಮೇಲೇ ರೇಗಿ, ಕೊನೆಗೆ "ಇರಲಿ, ಈ ಸಲ ನವಿಲು ಕಳಸ್ತೀನಿ, ಗರಿಗರಿಗೂ ಹುಕ್ಕ ಅದಾವು" ಅಂದ. ಸ್ಪೀಕರ್ ಆನ್ ಇತ್ತು.

ಮಾವನವರು ಚಹಾದ ಕಪ್ಪು ಕೆಳಗಿಟ್ಟು ಕೇಳಿದರು: "ಒಟ್ಟ ಎಷ್ಟು ಗರಿ ಅದಾವ ಕೇಳವಾ."